ನೀರು ಹಿಡಿಯದ ಬೂಟು

ಗಂಡನ ಹೆಸರು ಬಾಯಿಲೆ ಹೇಳಬಾರದು ಅಂತಾರ. ನಾ ಹೇಳ್ತೀನಿ. ನನ್ನ ಗಂಡ ಹುಲಿಗೇಶ, ನಮ್ಮ ಮಾವ ಅಜ್ಜಪ್ಪ, ನಾನು ನೀಲಾ. ಐರಣಿಯೊಳಗ ಹೊಳಿ ದಂಡಿಗೆ ಹತ್ತಿದ ಅಂಬಿಗರ ಮನಿ ನಮ್ಮದು. ಅಪ್ಪ-ಮಗ ಇಬ್ಬರಿಗೂ ಒಂದ ರೋಗ. ಮನಸಿನ್ಯಾಗ ಇದ್ದದ್ದನ್ನ ಒಬ್ಬರ ಮುಂದ ಒಬ್ಬರು ಹೇಳಂಗಿಲ್ಲ. ಹೇಳಿದ್ರ ಬಾಯಿ ಸವದು ಹೋಗತೈತೇನೋ ಅನ್ನೂ ಹಂಗ ಮಾಡ್ತಾರ. ನನ್ನ ತವರುಮನಿ ಬ್ಯಾಡಗಿ. "ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣಷ್ಟ, ಖಾರ ಇರಂಗಿಲ್ಲ ಅಂತ ನಂಬಿ ಸೊಸಿ ತಂದ್ವಿ, ಚೀಲ ಬಿಚ್ಚಿದ್ರ ಗುಂಟೂರು ಬಂತು" ಅಂತ ಮಾವ ಬಂದವರ ಮುಂದೆಲ್ಲಾ ನನ್ನ ಚಾಷ್ಟಿ ಮಾಡ್ತಿದ್ರು. ಮಾಡ್ತಿದ್ರು ಅಂದೆ. ಈಗ ಮಾಡಂಗಿಲ್ಲ. ಒಂದು ಜೋಡ ಬೂಟಿನ ಸಲುವಾಗಿ ಆ ನಗಿ ನಮ್ಮ ಮನಿ ಬಿಟ್ಟು ಹೋತು.

ಹ್ವಾದ ವರ್ಷ ನನ್ನ ಗಂಡ, ಇವರು, ಹೊಳ್ಯಾಗ ಕಾಲು ಮುರಕೊಂಡ್ರು. ಹರಗೋಲದಾಗ ಮಂದಿ ದಾಟಸೂ ಕಾಲ ಯಾವಾಗೋ ಮುಗೀತು, ಈಗೆಲ್ಲಾ ಬಸ್ಸು, ಬೈಕು. ಅದಕ್ಕ ಇವರು ಒಂದು ಕ್ಯಾಂಪಿನವರ ಜೋಡಿ ಸೇರ್ಯಾರ. ಪ್ಯಾಟಿ ಮಂದಿ ಬರ್ತಾರ, ಕನೂ ಅಂತ ಸಪೂರ ಉದ್ದನ್ನ ದೋಣಿ ತರ್ತಾರ, ನಮ್ಮೂರಿಂದ ಗಳಗನಾಥದ ತನಕ ಹೊಳಿ ಹಿಡಕೊಂಡು ಹೋಗ್ತಾರ. ಊರು ಬಂದ್ರ ಮಾರಿ ತಿರುವಿ, ಜಾಲಿಕಂಟಿ, ಬಂಡೆಗಲ್ಲು, ನೀರನಾಯಿ ಇದ್ದ ಕಡೇನ ಹುಡಿಕ್ಕೊಂಡು ಹೋಗಿ ಉಸುಕಿನ ಮ್ಯಾಲೆ ಮಲಗ್ತಾರ. ಹೋಗ್ಲಿ ಬಿಡ್ರಿ, ಅವರ ಹುಚ್ಚಿನಿಂದ ನಮ್ಮ ಹೊಟ್ಟಿ ತುಂಬತಿತ್ತು. ಎಲ್ಲಾರಕಿಂತ ಮುಂದಿನ ದೋಣಿ ಇವರದು. ನೀರು ತೆಳ್ಳಗಿದ್ದಲ್ಲೆ ಇಳದು ದೋಣಿ ಎಳೀಬೇಕು, ಬಂಡೆ ಬಂದ್ರ ಹೊತ್ತು ದಾಟಸಬೇಕು. ಅಂಥಾ ಒಂದು ಕಡೆ ಬರಿಗಾಲಿಲೆ ಪಾಚಿ ಮ್ಯಾಲೆ ಜಾರಿದ್ರು. ಎಡಗಾಲು ಎರಡು ಕಲ್ಲಿನ ನಡುವ ಸಿಕ್ಕು, ಹಿಮ್ಮಡದ ಮ್ಯಾಲಿನ ಕೀಲು ತಿರುವಿ ಮುರೀತು. ಎಲುಬು ಕೂಡ್ತು, ಕೀಲು ಮಾತ್ರ ಸಡಲ ಉಳೀತು. ಇನ್ನೊಮ್ಮೆ ತಿರುವಿದ್ರ ಹೊಳಿ ಕೆಲಸ ಮರತುಬಿಡು ಅಂತ ಡಾಕ್ಟರು ಹೇಳಿ ಕಳಿಸಿದ್ರು. ಹೊಳಿ ಬಿಟ್ರ ಇವರಿಗೆ ಬ್ಯಾರೆ ಏನು ಬರತೈತಿ? ನೆಲದ ಮ್ಯಾಲೂ ಹರಗೋಲದಾಗ ನಿಂತವರಂಗ ತೂಗಾಡಿಕೋತ ನಡೀತಾರ.

ಈ ಸಲ ದೀಪಾವಳಿ ಮುಗದ ಮ್ಯಾಲೆ ಕ್ಯಾಂಪಿನವರು ಮತ್ತ ಟ್ರಿಪ್ಪು ಹೂಡಿದ್ರು. ಅಲ್ಲೆ ಎಲ್ಲಾ ನೋಡ್ಕೊಳ್ಳಾಕಿ ಹಾವೇರಿ ಹುಡುಗಿ ರೋಹಿಣಿ. ಕಾಲಿಗೆ ಸರಿಯಾದ ಬೂಟು ಇಲ್ಲಂದ್ರ ಹುಲಿಗೇಶಣ್ಣನ್ನ ದೋಣಿ ಹತ್ತಸಂಗಿಲ್ಲ ಅಂತ ಅಕಿ ಖಡಾಖಂಡಿತ ಹೇಳಿದ್ಲು. ಬಂತು ನೋಡ್ರಿ ಫಜೀತಿ. ನಮ್ಮ ಮಾವನ ಕಾನೂನು ಏನು? ಹರಗೋಲ ಇರಲಿ, ದೋಣಿ ಇರಲಿ, ಕಾಲಾಗಿನ ಕೆರ ದಂಡಿ ಮ್ಯಾಲೆ ಬಿಟ್ಟ ಕಾಲಿಡಬೇಕು. ಹೊಳಿ ಅಂದ್ರ ಗಂಗವ್ವ, ಹರಗೋಲ ಅಂದ್ರ ಅಕಿ ಉಡಿ. ಹೆತ್ತ ತಾಯಿ ಉಡ್ಯಾಗ ಯಾರರ ಕೆರ ಮೆಟ್ಟಿಕೊಂಡು ಕುಂದ್ರತಾರೇನು? ಹಿಂದಕ ಮಹಾಪೂರ ಬಂದಾಗ ಫೌಜದಾರನ ಬೂಟು ಬಿಚ್ಚಿಸಿ ಹರಗೋಲದಾಗ ಕುಂದರಿಸಿದವರು ನಮ್ಮ ಮಾವ. ಮಗನ ಕಾಲಿನ ಸಲುವಾಗಿ ಬಿಡ್ತಾರೇನು?

ರೋಹಿಣಿ ಇವರ ಫೋನಿಗೆ ಮಾತಾಡಿ ಕಳಿಸಿದ್ಲು, ಎಂಥಾ ಬೂಟು ಬೇಕು ಅಂತ. ಮಾವ ಕೇಳ್ಲಿ ಅಂತ ನಾ ಬೇಕಂತಲೇ ಅದನ್ನ ಕಟ್ಟಿ ಮ್ಯಾಲೆ ದೊಡ್ಡ ದನಿ ಮಾಡಿ ಹಚ್ಚಿದೆ. ಮಾವ ಅಂಗಳದಾಗ ಹರಗೋಲ ಬೋರಲ ಹಾಕಿ ತಳಕ್ಕ ಡಾಂಬರ ಬಳಿಯಾಕತ್ತಿದ್ರು. ಬೂಟು ಕೀಲಿನ ಮ್ಯಾಲೆ ಬಂದು ಬಿಗಿ ಹಿಡೀಬೇಕು ಅಂತ ಹೇಳಿದ್ಲು. ಹಿಮ್ಮಡ ಒಳಗ ಎದ್ದಾಡಬಾರದು, ಬೆರಳು ಹೊರಗ ಇರಬಾರದು, ತಳಾ ಪಾಚಿ ಮ್ಯಾಲೆ ಕಚ್ಚಿ ನಿಂದರಬೇಕು, ಮತ್ತ ಕಲ್ಲು ಚುಚ್ಚಿದ್ದು ಪಾದಕ್ಕ ಹತ್ತಬಾರದು. ಕಡೀಕ ಒಂದು ಮಾತು ಹೇಳಿದ್ಲು: "ಎಲ್ಲಾಕಿಂತ ಮುಖ್ಯ, ನೀರು ಹಿಡೀಬಾರದು."

ಮಾವನ ಕೈ ಅಲ್ಲೇ ನಿಂತಿತು. ಮಿಕ್ಕಿದ್ದು ಕಿವಿಗೆ ಬಿತ್ತೋ ಇಲ್ಲೋ, ಆ ಕಡೀ ಮಾತು ಮಾತ್ರ ಹೊಕ್ಕು ಕುಂತ್ಬಿಟ್ಟಿತು. ಅಂಬಿಗರ ಬಾಯಾಗ ಆ ಮಾತಿಗೆ ಇರೂದು ಒಂದ ಅರ್ಥ. ಹರಗೋಲ ನೀರು ಹಿಡೀತು ಅಂದ್ರ ತಳದಾಗ ಎಲ್ಲೋ ಸೋರಿ ಒಳಗ ನೀರು ಬಂತು ಅಂತ. ಅಂಬಿಗನ ಜನ್ಮ ಎಲ್ಲಾ ನೀರು ಒಳಗ ಬರದಂಗ ನೋಡ್ಕೊಳ್ಳೂದ್ರಾಗ ಸವೀತೈತಿ. ರೋಹಿಣಿ ಹೇಳಿದ್ದು ಬ್ಯಾರೆ. ಹೊಳ್ಯಾಗ ಇಳದ ಮ್ಯಾಲೆ ಬೂಟಿನ್ಯಾಗ ನೀರು ಬಂದ ಬರತೈತಿ, ಬಂದದ್ದು ಒಳಗ ನಿಂದರಬಾರದು, ಹೊಕ್ಕಷ್ಟ ಲಗೂನ ಹೊರಗ ಹರದು ಹೋಗಬೇಕು ಅಂತ ಅಕಿ ಹೇಳಿದ್ಲು. ಮಾತು ಒಂದ, ಅರ್ಥ ಒಂದಕ್ಕೊಂದು ತಿರುಗಾಮುರುಗಾ.

ಮಾವ ಮಾತ ಬಿಟ್ರು. ಉಣ್ಣೂ ಮುಂದೂ ಇಲ್ಲ, ಮಲಗೂ ಮುಂದೂ ಇಲ್ಲ. ಸಿಟ್ಟಿಗೆದ್ದಾರ ಅಂತ ನಾನೂ ಬಿರುಸಾಗೇ ಇದ್ದೆ. ಒಂದಿನ ಮುಂಜಾನಿ ನೋಡಿದ್ರ ಮನ್ಯಾಗ ಇಲ್ಲ. ತೊಳದ ಧೋತರ ಉಟ್ಟು ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗ್ಯಾರ. ಮಧ್ಯಾಹ್ನಕ್ಕ ಬಂದು, ಬಗಲಾಗಿನ ಡಬ್ಬಿ ಕಟ್ಟಿ ಮ್ಯಾಲೆ ಇಟ್ರು. ತಗದು ನೋಡ್ತೀನಿ, ಮೊಣಕಾಲಿನ ತನಕ ಬರೂ ಕರೀ ರಬ್ಬರ್ ಬೂಟು. ಗಟಾರ ಬಳಿಯವರು ಹಾಕ್ಕೋತಾರಲ್ಲ, ಅಂಥಾವು.

"ತಗೋಪಾ ಹುಲಿಗ್ಯಾ" ಅಂದ್ರು ಮಾವ. "ಹನಿ ನೀರು ಒಳಗ ಬರಂಗಿಲ್ಲ. ಗಂಗವ್ವನ್ನ ನಾ ಕೇಳ್ಕೊಂಡೇನಿ."

ಖರೇನ ಕೇಳ್ಕೊಂಡಿದ್ರು. ಬಸ್ಸಿಳದು ಸೀದಾ ಹೊಳಿಗೆ ಹೋಗಿ, ಕಾಯಿ ಒಡದು, ನನ್ನ ಮಗನ ಕಾಲು ಸೋತೈತಿ, ನಿನ್ನ ಉಡ್ಯಾಗ ಕೆರ ಮೆಟ್ಟಿ ಬರ್ತಾನ, ತಪ್ಪ ತಿಳೀಬ್ಯಾಡ ತಾಯಿ ಅಂತ ಕೈ ಮುಗದು ಬಂದಿದ್ರು. ಇದನ್ನ ನನಗ ಹೇಳಿದಾಂವ ಮೀನು ಹಿಡಿಯೂ ಮೈಲಾರೆಪ್ಪ. ಮಾವ ಅಷ್ಟಕ್ಕ ಬಿಡಲಿಲ್ಲ. ಹರಗೋಲಕ್ಕ ಬಳದು ಉಳದ ಡಾಂಬರ ಕಾಸಿ, ಬೂಟಿನ ತಳ ಕೂಡಿದಲ್ಲೆಲ್ಲಾ ಸುತ್ತಲೂ ಎಳೀ ಎಳದು ಬಂದೋಬಸ್ತ ಮಾಡಿದ್ರು. ಒಣಗಿಸಾಕ ಕಟ್ಟಿ ಮ್ಯಾಲೆ ಇಟ್ಟು, ಹೋಗವರನ್ನ ಬರವರನ್ನ ಕರದು ಕರದು ತೋರಿಸಿದ್ರು.  

ಮಾವ ಹೊರಗ ಹೋದಾಗ ನಾ ಒಂದು ಬೂಟಿಗೆ ಬಕೀಟಿಲೆ ನೀರು ಸುರುವಿದೆ. ತುಂಬಿ ನಿಂತಿತು, ಎತ್ತಾಕ ಎರಡೂ ಕೈ ಬೇಕಾತು. ಟೊಂಕಮಟ ನೀರಾಗ ಇಳದ್ರ ಮ್ಯಾಲಿಂದ ನೀರು ಹೊಕ್ಕು ಕಾಲು ಕೆಳಗ ಜಗ್ಗತೈತಿ, ಬಿಚ್ಚಾಕೂ ಬರಂಗಿಲ್ಲ. ಕೀಲಿನ ಹತ್ರ ಅಂತೂ ಎರಡು ಕಾಲು ಹಿಡಸೂವಷ್ಟು ಜಾಗಾ. ಇವರಿಗೂ ಇದೆಲ್ಲಾ ಗೊತ್ತಿತ್ತು. ಅಪ್ಪನ ಮುಂದ ಹೇಳ್ರಿ ಅಂದೆ.

"ನನ್ನ ಸಲುವಾಗಿ ಅಂವ ಗಂಗವ್ವನ ಮುಂದ ತಲಿ ಬಗ್ಗಿಸಿ ಬಂದಾನ" ಅಂದ್ರು ಇವರು. "ಈಗ ಇದು ಬ್ಯಾಡಂದ್ರ ಅಂವ ಏನಾಗಬೇಕು, ನೀಲಾ?"

ನಾ ಹೇಳ್ತೀನಿ ಅಂದ್ರ ನನಗೂ ಆಣಿ ಹಾಕಿದ್ರು. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಂಥಾ ಹಾದಿ ಹುಡುಕು ಅಂದ್ರು. ಈ ಮನ್ಯಾಗ ಹಾದಿ ಹುಡುಕಾಕಿ ನಾನ ಅಲ್ಲ?

ಅವ್ವಗ ಮೈಯಾಗ ನೆಟ್ಟಗಿಲ್ಲ, ಬ್ಯಾಡಗಿಗೆ ಹೋಗಿ ಬರ್ತೀನಿ ಅಂತ ಮಾವಗ ಸುಳ್ಳ ಹೇಳಿ ರಾಣೆಬೆನ್ನೂರಿಗೆ ಹೋದೆ. ಡಬ್ಬಿ ಮ್ಯಾಲಿನ ಹೆಸರು ನೋಡ್ಕೊಂಡು ಕಾಸೀಮಸಾಬರ ಅಂಗಡಿ ಹೊಕ್ಕೆ. ಯಾಕ್ರಿ ಹಿಂತಾ ಬೂಟು ಕೊಟ್ರಿ ಅಂತ ಮದಲ ಜಗಳಕ್ಕ ನಿಂತೆ. ಅವರು ಪಾಪ, ಹಿರಿಯಾರು ಹನಿ ನೀರು ಒಳಗ ಹೋಗಬಾರದು ಅಂತ ಮತ್ತ ಮತ್ತ ಕೇಳಿದ್ರವ್ವಾ, ಬಾಗಲದ ಬೆಳಕಿನ್ಯಾಗ ನಿಂತು ಬೂಟಿನ ಒಳಗ ಕೈ ಹಾಕಿ ಹಾಕಿ ನೋಡಿದ್ರು ಅಂದ್ರು. ನನ್ನ ಸಿಟ್ಟು ಎಲ್ಲಿ ಹೋತೋ ಏನೋ. ರೋಹಿಣಿ ಮಾತು ನನ್ನ ಫೋನಿಗೂ ಹಾಕ್ಕೊಂಡಿದ್ದೆ, ಅದನ್ನ ಕೇಳಿಸಿ, ಒಂದು ಬಕೀಟು ನೀರು ತರಸ್ರಿ ಅಂದೆ. ಅಂಗಡ್ಯಾಗ ಬಕೀಟು ಇಟ್ಟು ಬೂಟು ಖರೀದಿ ಮಾಡಿದಾಕಿ ನಾನ ಮದಲಿನಾಕಿ ಅಂತ ಅವರು ಇವತ್ತಿಗೂ ನಗ್ತಾರಂತ.

ಪಟ್ಟಿ ಚಪ್ಪಲಿ ತೋರಿಸಿದ್ರು, ನೀರು ನಿಂದರಂಗಿಲ್ಲ ಖರೇ, ಆದ್ರ ಬೆರಳು ಬಯಲಿಗೆ, ಕೀಲಿಗೆ ಆಸರಿ ಇಲ್ಲ. ರಬ್ಬರಿನ ತೂತಿನ ಚಪ್ಪಲಿ ಕೆಸರಾಗ ಕಾಲು ಬಿಟ್ಟು ಅಲ್ಲೇ ಉಳೀತೈತಿ. ಓಡೂ ಬೂಟು ಅದ್ದಿದ್ರ ಒಳಗಿನ ಸ್ಪಂಜು ಚಹಾದಾಗಿನ ಬ್ರೆಡ್ಡಿನಂಗ ನೀರು ಕುಡದು ಕುಂತಿತು. ಕಡೀಕ ಮಾಳಿಗಿಯಿಂದ ಒಂದು ಧೂಳು ಹಿಡದ ಡಬ್ಬಿ ಇಳಿಸಿದ್ರು. ದಪ್ಪ ಬಟ್ಟಿ ಬೂಟು, ಕೀಲಿನ ಮ್ಯಾಲೆ ನಾಕ ಬೆರಳು ಬರತಿತ್ತು, ಕೆಳಗಿಂದ ಮ್ಯಾಲಿನ ತನಕ ಲೇಸು. ಕಾಡಿನ ಗಾರ್ಡುಗಳು ಒಯ್ತಾರಂತ. ಕಾಸೀಮಸಾಬರ ಕಾಲೂ ನನ್ನ ಗಂಡನ ಅಳತೀದ. ತೊಯ್ದ ಸಾಕ್ಸು, ತೊಯ್ದ ಬೂಟು ಹಾಕ್ಸಿ, ಅಂಗಡ್ಯಾಗ ಮ್ಯಾಲೆ ಕೆಳಗ ಅಡ್ಡಾಡಿಸಿದೆ, ಕಾಲು ಅಡ್ಡ ಹೊರಳಿಸಿ ನಿಂದರ್ರಿ ಅಂದೆ. ಹೊರಳಿಸಾಕ ಬರವಲ್ದವ್ವಾ, ಬಿಗಿ ಹಿಡದೈತಿ ಅಂದ್ರು. ಇದ ಸರಿ ಅನಿಸ್ತು. ನೀರು ಮಾತ್ರ ಸಾವಕಾಶ ಇಳೀತಿತ್ತು. ಬಾಜೂಕ ಬೂಟು ಹೊಲಿಯವರ ಕಡೆ ಒಯ್ದು, ದಬ್ಬಳ ಕಾಸಿ, ತಳದ ಹತ್ರ ಎರಡೂ ಬಾಜೂಕ ತೂತು ಹೊಡಿಸಿದೆ. ಮನ್ಯಾಗ ಮಾವ ಸಂದಿ ಸಂದಿಗೆ ಡಾಂಬರ ತುಂಬ್ಯಾರ, ಇಲ್ಲಿ ಸೊಸಿ ಹೊಸಾ ಬೂಟಿಗೆ ತೂತು ಹೊಡಸಾಕತ್ತಾಳ. 

ಹೊಂಡೂ ಮುಂಜಾನಿ ಬಂತು. ಕ್ಯಾಂಪಿನವರು, ರೋಹಿಣಿ, ಎಲ್ಲಾರೂ ಹೊಳಿ ತಿರುವಿನ ಆಚಿ ಮಗ್ಗಲ ಉಸುಕಿನ್ಯಾಗ ಇದ್ರು. ಇವರು ನಮ್ಮ ಮನಿ ಹತ್ರದಿಂದ ದೋಣಿ ತಗೊಂಡು ಅಲ್ಲಿಗೆ ಹೋಗಿ ಕೂಡಬೇಕು. ಬಟ್ಟಿ ಬೂಟು ನಾ ಇವರ ಚೀಲದ ತಳದಾಗ ಇಟ್ಟಿದ್ದೆ. ತಿರುವು ದಾಟಿದ ಮ್ಯಾಲೆ ಬದಲಿಸ್ರಿ ಅಂತ ಹೇಳಿದ್ದೆ, ಹೂಂ ಅಂದಿದ್ರು. ಆದ್ರ ದಂಡಿ ಮ್ಯಾಲೆ ಆದದ್ದನ್ನ ನೋಡಿ ನನ್ನ ಧೈರ್ಯ ಸೋರಿ ಹೋತು. ಮಾವ ಬಗ್ಗಿ ಮಗನ ಕಾಲು ತೊಡಿ ಮ್ಯಾಲೆ ಇಟ್ಕೊಂಡು, ತಾವ ಕೈಯಾರೆ ಬೂಟು ಏರಿಸಿದ್ರು. ಹೆತ್ತ ಅಪ್ಪ ಮಗನ ಕಾಲು ಮುಟ್ಟೂದು ನಮ್ಮಲ್ಲಿ ಎಲ್ಲಿ ಕೇಳೀರಿ? ಇವರ ಕಣ್ಣಾಗ ನೀರು ಬಂತು. ಇಂಥಾ ಬೂಟು ಇವರು ಬಿಚ್ಚತಾರೇನು? ದೋಣಿ ತಿರುವಿನ್ಯಾಗ ಮರಿಯಾತು.

ಆವತ್ತ ಸಂಜಿಮುಂದ ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ರು, ಹೊಳಿ ಒಂದೀಟು ಏರಿತು. ಮರುದಿನ ನಾ ರೊಟ್ಟಿ ಬಡಿಯಾಕತ್ತಿದ್ದೆ, ಮೈಲಾರೆಪ್ಪ ಅಂಗಳಕ್ಕ ಬಂದು ನಿಂತ. ಅವನ ಕೈಯಾಗ ಒಂದು ಕರೀ ಬೂಟು. ಬಲ್ಯಾಗ ಸಿಕ್ತು ಅಂದ. ಬೂಟಿನ ಸುತ್ತ ಡಾಂಬರಿನ ಎಳಿ ಇತ್ತು. ಊರಿಗೂರ ನೋಡಿದ ಬೂಟು, ಯಾರದು ಅಂತ ಕೇಳೂಹಂಗ ಇರಲಿಲ್ಲ.

ಮಾವ ಎದ್ದು ಬಂದು ಅದನ್ನ ಇಸಕೊಂಡ್ರು. ಬೂಟಿನ್ಯಾಗ ತುಟೀ ತನಕ ನೀರು ನಿಂತಿತ್ತು. ಹೊಳಿಯಿಂದ ಮನೀ ತನಕ ತಂದ್ರೂ ಎಲ್ಲೂ ಸೋರಿದ್ದಿಲ್ಲ, ಅಷ್ಟು ಛಲೋ ಡಾಂಬರ ಬಳದಿದ್ರು. ಬೋರಲ ಮಾಡಿದ್ರು. ನೀರು, ಉಸುಕು ಅಂಗಳದಾಗ ಬಿತ್ತು. ಬಿದ್ದ ನೀರನ್ನ ನೋಡಿಕೋತ ನಿಂತ್ರು. ರೋಹಿಣಿ ಮಾತಿನ ಅರ್ಥ ಆವಾಗ ಹೊಳೀತು ಕಾಣತೈತಿ.

"ನೀರು ಹಿಡದೈತಿ" ಅಂದ್ರು. "ಇದ ನನ್ನ ಮಗನ್ನ ಒಯ್ದೈತಿ."

ಹಿಟ್ಟಿನ ಕೈಲೆ ಓಡಿ ಹೋದೆ. ಇಲ್ಲರಿ ಮಾವ, ಅವರ ಚೀಲದಾಗ ಬ್ಯಾರೆ ಬೂಟು ಇಟ್ಟಿದ್ದೆ, ತಿರುವಿನ್ಯಾಗ ಇವನ್ನ ಬಿಚ್ಚ್ಯಾರ, ಬಿಟ್ಟ ಬೂಟು ನೀರಿಗೆ ಹೋಗ್ಯಾವ ಅಂತ ಒಂದ ಉಸುರಿನ್ಯಾಗ ಎಲ್ಲಾ ಹೇಳಿದೆ. ಮಾವ ನನ್ನ ಮಾರಿ ನೋಡಿದ್ರು.

"ಬಿಚ್ಚಿದ್ದು ನೀ ನೋಡೀಯೇನು?"

ನೋಡೀನಿ ಅಂದಿದ್ರ ಮುಗೀತಿತ್ತು. ಸುಳ್ಳ ಹೇಳಿ ರಾಣೆಬೆನ್ನೂರಿಗೆ ಹೋಗಿ ಬಂದ ಬಾಯಿಗೆ ಆ ಒಂದು ಸುಳ್ಳು ಬರಲಿಲ್ಲ. ಅಪ್ಪ ಏರಿಸಿದ ಬೂಟು ಮಗ ಬಿಚ್ಚಿದ್ನೋ ಇಲ್ಲೋ, ನನಗೂ ಗೊತ್ತಿದ್ದಿಲ್ಲ. ಇವರಿಗೆ ಫೋನು ಮಾಡಿದೆ, ಹತ್ತಲಿಲ್ಲ. ದೋಣ್ಯಾಗ ಎಲ್ಲಾರೂ ಫೋನು ಬಂದ್ ಮಾಡಿ ಡಬ್ಬ್ಯಾಗ ಹಾಕಿ ಬಾಯಿ ಬಿಗೀತಾರ, ಸಂಜಿಕಷ್ಟ ತಗೀತಾರ. ಹಿಂದಿನ ಸಂಜಿ ರೇಂಜು ಸಿಕ್ಕಿದ್ದಿಲ್ಲೋ ಏನೋ, ಇವರ ಫೋನು ಬಂದಿದ್ದಿಲ್ಲ. ನಾ ಮತ್ತ ಒತ್ತೂದ್ರಾಗ ಮಾವ ಅಂಗಳದಾಗ ಇರಲಿಲ್ಲ.

ಬರಿಗಾಲಿಲೆ ಹೊಳಿಗೆ ಇಳದಿದ್ರು. ಹುಲಿಗ್ಯಾ ಅಂತ ಒದರಿಕೋತ, ನೀರಾಗ ಕೈ ಆಡಿಸಿಕೋತ, ಬಂಡೆ ಮ್ಯಾಲಿಂದ ಬಂಡೆಗೆ ಹೊಂಟಿದ್ರು. ನಾನೂ ಮೈಲಾರೆಪ್ಪನೂ ಹಿಂದ ಹಿಂದ ಓಡಿದ್ವಿ. ನಾ ಕಣ್ಣಾರೆ ನೋಡಿದೆ. ಪಾಚಿ ಮ್ಯಾಲೆ ಕಾಲು ಜಾರಿತು, ಎರಡು ಕಲ್ಲಿನ ನಡುವ ಹೋತು, ಮೈ ಒಂದು ಕಡೆ ಬಿತ್ತು, ಕಾಲು ಅಲ್ಲೇ ಉಳೀತು. ಮಗಗ ಆದದ್ದ ಅಪ್ಪಗ ಆತು. ಎತ್ತಿ ದಂಡಿಗೆ ತರೂಮುಂದೂ ಅವರು ತಮ್ಮ ಕಾಲಿನ ಸುದ್ದಿ ಎತ್ತಲಿಲ್ಲ, ಇನ್ನೊಂದು ಬೂಟು ಸಿಕ್ತೇನು ಅಂತ ಕೇಳಾಕತ್ತಿದ್ರು.

ರಾಣೆಬೆನ್ನೂರಿನ ದವಾಖಾನ್ಯಾಗ ಪ್ಲಾಸ್ಟರ್ ಹಾಕಿ ಮಲಗಿಸಿದ್ರು. ಕಣ್ಣು ಮಾಳಿಗಿಗೆ ಹಚ್ಚಿ ಬಿದ್ದಿದ್ರು. ಹೊತ್ತು ಇಳಿಯಾಕ ಬಂದಾಗ ನನ್ನ ಫೋನು ಬಡಕೊಂತು. ಇವರ ದನಿ. ನೀಲಾ, ನಿನ್ನ ಬೂಟು ಭಾರಿ ಛಲೋ ಆಗ್ಯಾವ ನೋಡು, ಕಾಲು ಒಂದೀಟೂ ಅಳ್ಳಾಡಿಲ್ಲ ಅಂತ ಖುಷಿಲೆ ಹೇಳಾಕತ್ತಿದ್ರು. ಅಪ್ಪನ ಬೂಟು ತಿರುವಿನ್ಯಾಗ ಬಂಡೆ ಮ್ಯಾಲೆ ಜ್ವಾಕಿ ಇಟ್ಟು ಬಂದೇನಿ, ಹೊಳ್ಳಿ ಬರ್ತಾ ತಗೋತೀನಿ ಅಂದ್ರು. ಬಾಯಿಗೆ ಬಂದಂಗ ಬೈದೆ. ಯಾರ್ಯಾರದೋ ಹಾಸಿಗಿ ನಡುವ ನಿಂತು ಅತ್ತೆ. ಫೋನು ಮಾವನ ಕಿವಿಗೆ ಹಿಡದೆ. ಮಗನ ದನಿ ಕೇಳಿ ಕಣ್ಣು ಮುಚ್ಚಿದ್ರು, ಎರಡೂ ಕಡೆ ನೀರು ಇಳದು ತಲಿದಿಂಬು ತೊಯ್ದಿತು. ಆಮ್ಯಾಲೆ ಮಾರಿ ಗ್ವಾಡಿ ಕಡೆ ತಿರುವಿದ್ರು.

ವಯಸ್ಸಾದ ಎಲುಬು, ಕೂಡತೈತಿ, ಆದ್ರ ಹರಗೋಲದಾಗ ನಿಂತು ಹುಟ್ಟು ಹಾಕೂದು ಇನ್ನ ಮ್ಯಾಲೆ ಆಗಂಗಿಲ್ಲ ಅಂತ ಡಾಕ್ಟರು ಅಂದ್ರು. ಇವರು ಬಂದು ಅಪ್ಪನ ಕಾಲ ಕಡೆ ಕುಂತು ಗೋಳಾಡಿ ಅತ್ರು. ಮಾವ ಬಟ್ಟಿ ಬೂಟು ತರಿಸಿ ನೋಡಿದ್ರು. ತಳಾ ಒತ್ತಿದ್ರು, ತೂತಿನ್ಯಾಗ ಕಿರಿಬೆರಳು ಹಾಕಿ ಆಡಿಸಿದ್ರು, ಹೊಳ್ಳಿ ಕೊಟ್ರು.  ಮಗನ ಕೂಡ ದಿನಾ ಕಳದಂಗ ಮಾತಿಗೆ ಬಂದ್ರು. ನನ್ನ ಕೂಡ ಬರಲಿಲ್ಲ. ಇಕ್ಕಿದ್ದು ಉಣತಿದ್ರು, ಕೊಟ್ಟ ಗುಳಿಗಿ ನುಂಗತಿದ್ರು, ಅಷ್ಟ. ಗುಂಟೂರು, ಬ್ಯಾಡಗಿ ಯಾವ ಚಾಷ್ಟೀನೂ ಇಲ್ಲ. ಬೈದರ ಬೈರಿ ಮಾವ ಅಂತ ಒಂದಿನ ಕೇಳೇಬಿಟ್ಟೆ. ಖಾಲಿ ಗಂಗಾಳ ನನ್ನ ಕಡೆ ಸರಿಸಿದ್ರು.

ಮುಂದಿನ ಟ್ರಿಪ್ಪಿನ ದಿನ ಮಾವ, ನನ್ನನ್ನ ದಂಡಿಗೆ ಒಯ್ರಿ ಅಂದ್ರು. ಕುರ್ಚಿ ಸಮೇತ ಹೊತ್ತು ಒಯ್ದು ಬೇವಿನ ಗಿಡದ ಬುಡಕ ಕುಂದರಿಸಿದ್ವಿ. ಇವರು ನೀರಿನ ಹತ್ರ ಹೋಗಿ, ರೂಢಿಲೆ ಬಗ್ಗಿ, ಬೂಟಿನ ಲೇಸಿಗೆ ಕೈ ಹಾಕಿದ್ರು. ಅಪ್ಪ ನೋಡಾಕತ್ತಾನ ಅಂತ ಇರಬೇಕು.

"ಬಿಚ್ಚಬ್ಯಾಡ" ಅಂದ್ರು ಮಾವ, ದಂಡಿ ಮ್ಯಾಲಿನ ಮಂದೀಗೆಲ್ಲಾ ಕೇಳೂಹಂಗ. "ಹಂಗ ಹತ್ತು."

ದೋಣಿ ಹೊಂಟಿತು. ತಿರುವಿನ್ಯಾಗ ಮರಿಯಾದ ಮ್ಯಾಲೂ ಮಾವ ನೋಡಿಕೋತ ಕುಂತ್ರು. ಬಿಸಿಲು ಏರ್ತು, ಮನಿಗೆ ಹೋಗೂಣೇನ್ರಿ ಅಂದೆ. ಹೊಳಿ ಮ್ಯಾಲಿನ ಕಣ್ಣು ತಗೀಲಾರದ ಕೇಳಿದ್ರು, ಲೇಸು ಬಿಗಿ ಕಟ್ಟ್ಯಾನೇನು, ನೀ ನೋಡೀಯೇನು ಅಂತ.

"ನೋಡೀನ್ರಿ ಮಾವ. ನಾನ ಕಟ್ಟೀನಿ" ಅಂದೆ.

ತಲಿ ಆಡಿಸಿದ್ರು. ಪ್ಲಾಸ್ಟರಿನ ಮ್ಯಾಲೆ ಕೈ ಆಡಿಸಿಕೋತ ನನ್ನ ಮಾರಿ ನೋಡಿದ್ರು.

"ಆವತ್ತ ನನ್ನ ಮುಂದ ಹೇಳಿದ್ರ, ಆ ತೂತು ನಾನ ಹೊಡದ ಕೊಡ್ತಿದ್ನೆಲ್ಲವ್ವಾ" ಅಂದ್ರು.